ಬ್ರಿಟಿಷ್ ಏರ್‌ವೇಸ್ ಕ್ಯಾಬಿನ್ ಸಿಬ್ಬಂದಿ ಜಗಳ, 2009–2011: ಪದೇ ಪದೇ ಕೇಳುವ ಪ್ರಶ್ನೆಗಳು

ಯೂನಿಯನ್ ನಾಯಕರ ಬಗ್ಗೆ ಮಾತು ಶುರುವಾದರೆ ನಾನು ಕೊನೆಗೆ ಈ ಜಗಳಕ್ಕೇ ಬಂದು ನಿಲ್ಲುತ್ತೇನೆ. ಗೆಳೆಯರು ಮಾತಿನ ನಡುವೆ ಕೇಳಿದ್ದು, ಓದಿದವರು ಪತ್ರ ಬರೆದು ಕೇಳಿದ್ದು, ಯೂನಿಯನ್ ಕೆಲಸ ಮಾಡುವವರು ಫೋನ್ ಮಾಡಿ ಕೇಳಿದ್ದು, ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ವಿಷಯ ಹೊಸದು ಅನ್ನುವವರು ಮೊದಲಿನಿಂದ ಓದಿ. ಗೊತ್ತಿರುವವರು ಸೀದಾ ಕೆಳಗೆ ಹೋಗಬಹುದು.

## ಮೊದಲು ಗೊತ್ತಿರಬೇಕಾದ್ದು

ಈ ಜಗಳ ಶುರುವಾಗಿದ್ದು ಯಾಕೆ? ಸಂಬಳಕ್ಕಾ?

ಸಂಬಳಕ್ಕಿಂತ ಜಾಸ್ತಿ, ವಿಮಾನದೊಳಗೆ ಎಷ್ಟು ಜನ ಕೆಲಸ ಮಾಡಬೇಕು ಅನ್ನುವುದಕ್ಕೆ. 2009ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಬ್ರಿಟಿಷ್ ಏರ್‌ವೇಸ್‌ಗೆ 401 ಮಿಲಿಯನ್ ಪೌಂಡ್ ನಷ್ಟವಾಗಿತ್ತು. ಬ್ಯಾಂಕುಗಳು ಮುಗ್ಗರಿಸಿದ್ದ ಕಾಲ ಅದು, ದುಬಾರಿ ಸೀಟಿನ ಪ್ರಯಾಣಿಕರು ಕಾಣೆಯಾಗಿದ್ದರು. ಕಂಪನಿಯ ಮುಖ್ಯಸ್ಥ ವಿಲ್ಲಿ ವಾಲ್ಶ್ ಕ್ಯಾಬಿನ್ ವಿಭಾಗದಿಂದ ವರ್ಷಕ್ಕೆ 62.5 ಮಿಲಿಯನ್ ಪೌಂಡ್ ಉಳಿಸಬೇಕು ಎಂದು ಪಟ್ಟು ಹಿಡಿದರು.

ಮಾತುಕತೆ ತಿಂಗಳುಗಟ್ಟಲೆ ನಡೆಯಿತು, ಎಲ್ಲಿಗೂ ಮುಟ್ಟಲಿಲ್ಲ. 2009ರ ನವೆಂಬರ್‌ನಲ್ಲಿ ಕಂಪನಿ ಒಪ್ಪಿಗೆ ಇಲ್ಲದೆಯೇ ಬದಲಾವಣೆ ತಂದುಬಿಟ್ಟಿತು. ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ದೂರದ ಊರುಗಳಿಗೆ ಹಾರುವ ವಿಮಾನಗಳಲ್ಲಿ ಸಿಬ್ಬಂದಿ ಕಡಿಮೆಯಾದರು. ಹದಿನೈದು ಜನ ಇದ್ದ ಬೋಯಿಂಗ್ 747ರಲ್ಲಿ ಹದಿನಾಲ್ಕೇ ಜನ. ಅಲ್ಲಿಯವರೆಗೆ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಕ್ಯಾಬಿನ್ ಸರ್ವಿಸ್ ಡೈರೆಕ್ಟರ್‌ಗಳೂ ಟ್ರಾಲಿ ತಳ್ಳಬೇಕಾಯಿತು.

ಒಬ್ಬರು ಕಡಿಮೆಯಾದರೆ ಏನು ಮಹಾ ಅಂತ ಅನ್ನಿಸಬಹುದು. ಆದರೆ ಯೂನಿಯನ್‌ನವರ ಸಿಟ್ಟು ಬರೀ ಸಂಖ್ಯೆಯ ಮೇಲಿರಲಿಲ್ಲ. ಎಷ್ಟು ಜನ ಇರಬೇಕು ಅನ್ನುವುದನ್ನು ಅಲ್ಲಿಯವರೆಗೆ ಇಬ್ಬರೂ ಕೂತು ಬರೆದುಕೊಳ್ಳುತ್ತಿದ್ದರು. ಈಗ ಒಬ್ಬರೇ ಬರೆದರು.

ಒಟ್ಟು ಎಷ್ಟು ದಿನ ಮುಷ್ಕರ ನಡೆಯಿತು?

22 ದಿನ, ಎಲ್ಲವೂ 2010ರಲ್ಲಿ. ಮಾರ್ಚ್ 20ರಿಂದ 22, ಮಾರ್ಚ್ 27ರಿಂದ 30, ಆಮೇಲೆ ಮೇ 24ರಿಂದ ಜೂನ್ 9ರ ನಡುವೆ ಐದೈದು ದಿನದ ಮೂರು ಕಂತು. ಜಗಳ ಮುಗಿದಿದ್ದು 2011ರ ಜೂನ್‌ನಲ್ಲಿ. ಅಂದರೆ ಕೊನೆಯ ಮುಷ್ಕರ ಮುಗಿದ ಮೇಲೂ ಇಡೀ ಒಂದು ವರ್ಷ ಎಳೆಯಿತು. ನನಗೆ ಕುತೂಹಲ ಇರುವುದೇ ಆ ಒಂದು ವರ್ಷದ ಮೇಲೆ.

ಬಾಸಾ ಅಂದ್ರೆ ಯಾರು, ಯುನೈಟ್ ಅಂದ್ರೆ ಯಾರು? ಎರಡೂ ಒಂದೇನಾ?

ಒಂದರೊಳಗೆ ಒಂದು. ಯುನೈಟ್ ಅನ್ನುವುದು ಬ್ರಿಟನ್ನಿನ ದೊಡ್ಡ ಯೂನಿಯನ್. 2007ರಲ್ಲಿ ಟಿ ಅಂಡ್ ಜಿ ಮತ್ತು ಅಮಿಕಸ್ ಎಂಬ ಎರಡು ಯೂನಿಯನ್‌ಗಳು ಸೇರಿ ಆದದ್ದು. ಬಸ್ ಚಾಲಕರಿಂದ ಹಿಡಿದು ಕಾರ್ಖಾನೆ ಕಾರ್ಮಿಕರವರೆಗೆ ಹತ್ತು ಲಕ್ಷಕ್ಕೂ ಜಾಸ್ತಿ ಸದಸ್ಯರು. ಬಾಸಾ ಅದರ ಒಂದು ಶಾಖೆ, ಬ್ರಿಟಿಷ್ ಏರ್‌ವೇಸ್‌ನ ಕ್ಯಾಬಿನ್ ಸಿಬ್ಬಂದಿಯದು.

ಶಾಖೆ ಅಂದ ತಕ್ಷಣ ಚಿಕ್ಕದು ಅಂದುಕೊಳ್ಳಬೇಡಿ. ಬಾಸಾಕ್ಕೆ ತನ್ನದೇ ಇತಿಹಾಸ, ತನ್ನದೇ ಹೆಮ್ಮೆ, ತನ್ನದೇ ನಾಯಕರು ಇದ್ದರು. ನಾಯಕರು ತಾವೂ ಹಾರುವ ಸಿಬ್ಬಂದಿಯೇ. ಗ್ಯಾಲಿಯಲ್ಲಿ, ಅಂದರೆ ವಿಮಾನದ ಅಡುಗೆ ಜಾಗದಲ್ಲಿ, ನಿಂತು ಊಟದ ಟ್ರೇ ಜೋಡಿಸಿದವರು. ಯುನೈಟ್‌ನ ಮೇಲಿನವರಿಗೆ ಕಾನೂನು ಗೊತ್ತು, ರಾಜಕೀಯ ಗೊತ್ತು, ಹಣ ಅವರ ಕೈಯಲ್ಲಿದೆ. ಸದಸ್ಯರ ನಂಬಿಕೆ ಮಾತ್ರ ಶಾಖೆಯವರ ಮೇಲೆ. ಈ ಎರಡು ಬಲಗಳು ಎರಡು ಕಡೆ ಇದ್ದವು ಅನ್ನುವುದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಒಂದೇ ಕಂಪನಿಯ ಕ್ಯಾಬಿನ್ ಸಿಬ್ಬಂದಿಗೆ ಎರಡು ಗುಂಪು ಯಾಕಿತ್ತು?

1989ರಲ್ಲಿ ಬಾಸಾದಿಂದ ಒಂದು ಗುಂಪು ಒಡೆದು ಹೊರಬಂತು. ಅದರ ಹೆಸರೇ ಕ್ಯಾಬಿನ್ ಕ್ರೂ 89. ಅದು ಅಮಿಕಸ್ ಕಡೆ ಸೇರಿತು, ಬಾಸಾ ಟಿ ಅಂಡ್ ಜಿ ಕಡೆ ಉಳಿಯಿತು. 2007ರಲ್ಲಿ ದೊಡ್ಡ ಯೂನಿಯನ್‌ಗಳು ಒಂದಾದಾಗ, ಹದಿನೆಂಟು ವರ್ಷ ಮುನಿಸಿಕೊಂಡಿದ್ದ ಇವರಿಬ್ಬರೂ ಒಂದೇ ಸೂರಿನಡಿ ಬಂದರು. ಸೂರು ಒಂದಾಯಿತು, ಮನಸ್ಸು ಒಂದಾಗಲಿಲ್ಲ. 2009ರ ಮಾತುಕತೆಯ ಹೊತ್ತಿಗೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸುವುದೇ ಕಷ್ಟವಾಗಿತ್ತು. ಎದುರಿಗೆ ವಾಲ್ಶ್‌ರಂಥ ಗಟ್ಟಿ ಮನುಷ್ಯ ಕೂತಿರುವಾಗ ಇದು ದುಬಾರಿ ಮುನಿಸು. ಬಾಸಾ ದೊಡ್ಡದು, 89 ಚಿಕ್ಕದು. ಆದರೆ ಚಿಕ್ಕವರು ಕೈ ಎತ್ತದಿದ್ದರೂ ಒಪ್ಪಂದ ನಿಂತುಹೋಗಬಹುದು. ಅದು ಮುಂದೆ ಆಯಿತು ಕೂಡ.

ವಿಲ್ಲಿ ವಾಲ್ಶ್‌ಗೆ ಯೂನಿಯನ್ ಅಂದ್ರೇನೇ ಆಗ್ತಿರಲಿಲ್ವಾ?

ಹಾಗೆ ಹೇಳಲಾಗದು. ಅವರು ಏರ್ ಲಿಂಗಸ್‌ನಲ್ಲಿ ಪೈಲಟ್ ಆಗಿದ್ದವರು. ಆಗ ಐರ್ಲೆಂಡಿನ ಪೈಲಟ್‌ಗಳ ಯೂನಿಯನ್ ಪರವಾಗಿ ಆಡಳಿತದ ಜೊತೆ ಮಾತುಕತೆಗೆ ಕೂತಿದ್ದವರು. ಮೇಜಿನ ಎರಡೂ ಬದಿ ಅವರಿಗೆ ಗೊತ್ತಿತ್ತು. ಎದುರಿನವರಲ್ಲಿ ಬಿರುಕು ಎಲ್ಲಿದೆ ಅಂತ ಗುರುತಿಸುವುದು ಅವರಿಗೆ ಕಷ್ಟವಾಗಲಿಲ್ಲ.

## ಮತಪತ್ರ, ಕೋರ್ಟು, ಕ್ಯಾಲೆಂಡರು

ಕ್ರಿಸ್‌ಮಸ್‌ಗೇ ಹನ್ನೆರಡು ದಿನ ಮುಷ್ಕರ ಇಡೋ ಯೋಚನೆ ಯಾರದ್ದು?

ಶಾಖೆಯದು. 2009ರ ಡಿಸೆಂಬರ್ 14ರಂದು ಮತದಾನದ ಫಲಿತಾಂಶ ಬಂತು. ಶೇ. 80 ಜನ ಮತ ಹಾಕಿದ್ದರು, ಅವರಲ್ಲಿ ಶೇ. 92ಕ್ಕೂ ಜಾಸ್ತಿ ಮುಷ್ಕರಕ್ಕೆ ಹೂಂ ಅಂದಿದ್ದರು. ಸಾವಿರಾರು ಜನ ಕಿಕ್ಕಿರಿದ ಸಭೆ. ಡಿಸೆಂಬರ್ 22ರಿಂದ ಜನವರಿ 2ರವರೆಗೆ ಮುಷ್ಕರ ಎಂದು ಘೋಷಣೆ.

ಅಂಥ ಸಭೆಯಲ್ಲಿ ನಿಂತವರಿಗೆ ಗೊತ್ತು, ಆ ಹೊತ್ತಿನಲ್ಲಿ ಎರಡು ದಿನ ಸಾಕು ಅನ್ನುವವನು ಹೇಡಿಯಂತೆ ಕಾಣುತ್ತಾನೆ. ಆದರೆ ಸಭೆಯ ಹೊರಗೆ, ಹಬ್ಬಕ್ಕೆ ಮನೆಗೆ ಹೊರಟಿದ್ದ ಲಕ್ಷಾಂತರ ಜನ ತಮ್ಮ ಟಿಕೆಟ್ ನೋಡಿಕೊಂಡರು. ಯುನೈಟ್‌ಗೆ ಆಗ ಇಬ್ಬರು ಜಂಟಿ ಪ್ರಧಾನ ಕಾರ್ಯದರ್ಶಿಗಳು, ಟೋನಿ ವುಡ್ಲಿ ಮತ್ತು ಡೆರೆಕ್ ಸಿಂಪ್ಸನ್. ಹನ್ನೆರಡು ದಿನ ಅತಿಯಾಯಿತು ಎಂಬ ಅರ್ಥದಲ್ಲಿ ಸಿಂಪ್ಸನ್ ಟಿವಿಯಲ್ಲೇ ಮಾತಾಡಿದರು. ಸ್ವಂತ ಯೂನಿಯನ್‌ನ ನಾಯಕ ಹೀಗಂದರೆ ಪಿಕೆಟ್‌ಗೆ, ಅಂದರೆ ಮುಷ್ಕರದ ದಿನ ಗೇಟಿನ ಮುಂದೆ ನಿಲ್ಲಲು, ಸಿದ್ಧವಾಗುತ್ತಿದ್ದವಳಿಗೆ ಹೇಗಾಗಬೇಡ? ಸಿಂಪ್ಸನ್ ಹೇಳಿದ್ದು ತಪ್ಪಲ್ಲ ಅಂತಲೇ ನನ್ನ ಅಭಿಪ್ರಾಯ. ಹೇಳಬೇಕಾದ ಜಾಗ ಮಾತ್ರ ಟಿವಿ ಅಲ್ಲ, ಘೋಷಣೆಗೆ ಮುಂಚಿನ ಕೋಣೆ.

ಶೇ. 92 ಜನ ಹೂಂ ಅಂದ ಮೇಲೂ ಕೋರ್ಟ್ ತಡೆದಿದ್ದು ಹೇಗೆ?

ಮತಪತ್ರ ಹೋಗಬಾರದವರಿಗೂ ಹೋಗಿತ್ತು. ಸ್ವಯಂ ನಿವೃತ್ತಿ ತೆಗೆದುಕೊಂಡು ಕೆಲಸ ಬಿಡುತ್ತಿದ್ದ ನೂರಾರು ಸದಸ್ಯರೂ ಪಟ್ಟಿಯಲ್ಲಿದ್ದರು. ಮುಷ್ಕರದ ದಿನ ಅವರು ಕಂಪನಿಯಲ್ಲೇ ಇರುವುದಿಲ್ಲ. ಡಿಸೆಂಬರ್ 17ರಂದು ಹೈಕೋರ್ಟಿನ ನ್ಯಾಯಮೂರ್ತಿ ಲಾರಾ ಕಾಕ್ಸ್ ತಡೆಯಾಜ್ಞೆ ಕೊಟ್ಟರು. ಅವರ ಮತಗಳನ್ನು ಕಳೆದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಆದರೆ ಬ್ರಿಟನ್ನಿನ 1992ರ ಕಾನೂನು ಮತದಾನದ ವಿಧಾನವನ್ನೂ ನೋಡುತ್ತದೆ.

ಇದಕ್ಕೆ ಕೋರ್ಟನ್ನು ಬೈಯುವವರೇ ಜಾಸ್ತಿ. ನಾನು ಯೂನಿಯನ್ ಕಚೇರಿಯನ್ನೂ ಸುಮ್ನೆ ಬಿಡುವುದಿಲ್ಲ. ಸದಸ್ಯರ ಪಟ್ಟಿ ಸರಿಯಾಗಿ ಇಡುವುದು ಬೇಸರದ ಕೆಲಸ, ಚಪ್ಪಾಳೆ ಬೀಳದ ಕೆಲಸ. ಆದರೆ ಹನ್ನೆರಡು ದಿನದ ಭಾಷಣ ಬಿದ್ದುಹೋಗಿದ್ದು ಆ ಪಟ್ಟಿಯ ಮೇಲೆಯೇ.

ಹನ್ನೊಂದು ಹಾಳಾದ ಮತಪತ್ರಕ್ಕೆ ಇಡೀ ಮುಷ್ಕರ ನಿಂತಿತ್ತಂತೆ, ನಿಜಾನಾ?

ನಿಜ, ಮೂರು ದಿನದ ಮಟ್ಟಿಗೆ. ಮರುಮತದಾನದ ಫಲಿತಾಂಶ ಬಂದದ್ದು 2010ರ ಫೆಬ್ರವರಿ 22ರಂದು: ಪರ 7,482, ವಿರುದ್ಧ 1,789. ಜೊತೆಗೆ ಹಾಳಾದ ಮತಗಳು 11. ಫಲಿತಾಂಶ ತಿಳಿಸುವಾಗ ಹಾಳಾದ ಮತಗಳ ಲೆಕ್ಕವನ್ನೂ ಮತ ಹಾಕುವ ಹಕ್ಕಿದ್ದ ಎಲ್ಲರಿಗೂ ತಿಳಿಸಬೇಕು ಅಂತ ಕಾನೂನು. ಅದನ್ನು ಸರಿಯಾಗಿ ತಿಳಿಸಿಲ್ಲ ಎಂದು ಕಂಪನಿ ಕೋರ್ಟಿಗೆ ಹೋಯಿತು. ಮೇ 17ರಂದು ಹೈಕೋರ್ಟ್ ಮತ್ತೆ ತಡೆಯಾಜ್ಞೆ ಕೊಟ್ಟಿತು. ಮೇ 20ರಂದು ಮೇಲ್ಮನವಿ ನ್ಯಾಯಾಲಯ ಅದನ್ನು ತೆಗೆದುಹಾಕಿತು, ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ನಾಲ್ಕು ದಿನ ಬಿಟ್ಟು ಮುಷ್ಕರ ಶುರುವಾಯಿತು.

ನಾನು ಕೆಲಸ ಮಾಡುತ್ತಿದ್ದ ಕಡೆ ಒಮ್ಮೆ ಸಂಘದ ಮತ ಎಣಿಸಲು ಕೂತಿದ್ದೆ. ಒಂದು ಚೀಟಿಯಲ್ಲಿ ಎರಡೂ ಚೌಕಕ್ಕೆ ಗುರುತು ಬಿದ್ದಿತ್ತು. ಮೊದಲ ಗುರುತಿನ ಮೇಲೆ ಹೆಬ್ಬೆರಳಿನಿಂದ ಒರೆಸಿದ ನೀಲಿ ಮಸಿ ಹರಡಿತ್ತು. ಹಾಕಿದವನು ಮನಸ್ಸು ಬದಲಾಯಿಸಿದ್ದಾನೆ ಅಂತ ಕಣ್ಣಿಗೆ ಕಾಣುತ್ತಿತ್ತು. ಆದರೂ ಅದನ್ನು ಪಕ್ಕದ ರಟ್ಟಿನ ಪೆಟ್ಟಿಗೆಗೆ ಹಾಕಿದೆವು. ಅದರಲ್ಲಿ ಎಷ್ಟು ಚೀಟಿ ಇತ್ತು ಅಂತ ಕೊನೆಗೆ ಯಾರೂ ಬರೆದುಕೊಳ್ಳಲಿಲ್ಲ. ಈ ಪ್ರಕರಣ ಓದಿದಾಗ ಮೊದಲು ನೆನಪಾಗಿದ್ದು ಆ ಪೆಟ್ಟಿಗೆ.

ಅದೇ ಜಗಳಕ್ಕೆ ಮತ್ತೆ ಮತ್ತೆ ಮತದಾನ ಯಾಕೆ ಮಾಡ್ತಿದ್ರು?

ಕಾನೂನಿನ ಗಡಿಯಾರ ಓಡುತ್ತಿತ್ತು. ಆಗಿನ ನಿಯಮದಂತೆ ಫಲಿತಾಂಶ ಬಂದ ನಾಲ್ಕು ವಾರದೊಳಗೆ ಮೊದಲ ಮುಷ್ಕರ ಆಗಬೇಕು. ಕಂಪನಿ ಒಪ್ಪಿದರೆ ಮಾತ್ರ ಎಂಟು ವಾರ. ಮುಷ್ಕರಕ್ಕೆ ಏಳು ದಿನ ಮುಂಚೆ ನೋಟಿಸ್ ಬೇರೆ. ಮುಷ್ಕರಕ್ಕೆ ಇಳಿದವರನ್ನು ಕೆಲಸದಿಂದ ತೆಗೆಯದಂತೆ ಕಾಯುವ ರಕ್ಷಣೆಯೂ ಮೊದಲ ಹನ್ನೆರಡು ವಾರಕ್ಕೇ.

ಹಾಗಾಗಿ ಮುಷ್ಕರಕ್ಕಾಗಿಯೇ ನಾಲ್ಕು ಸಲ ಮತದಾನ ನಡೆಯಿತು: 2009ರ ಡಿಸೆಂಬರ್, 2010ರ ಫೆಬ್ರವರಿ, 2011ರ ಜನವರಿ, 2011ರ ಮಾರ್ಚ್. ಜನವರಿಯದನ್ನು ಕಂಪನಿ ಕಾನೂನಿನ ಹೆಸರಲ್ಲಿ ಪ್ರಶ್ನಿಸಿದ್ದರಿಂದ ಯುನೈಟ್ ತಾನೇ ಕೈಬಿಟ್ಟು ಹೊಸದಾಗಿ ಮಾಡಿತು. ನಾಲ್ಕರಲ್ಲೂ ಮತ ಹಾಕಿದವರು ಶೇ. 70ಕ್ಕಿಂತ ಜಾಸ್ತಿ. ನಾಲ್ಕರಲ್ಲೂ ಹೂಂ ಅಂದವರು ಮುಕ್ಕಾಲು ಪಾಲಿಗಿಂತ ಜಾಸ್ತಿ. ಇಷ್ಟು ದಣಿದ ಮೇಲೂ ಜನ ಇಷ್ಟು ಗಟ್ಟಿಯಾಗಿ ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಾರ್ಚ್‌ನಲ್ಲೇ ಒಪ್ಪಂದ ಕೈಗೆ ಬಂದಿತ್ತಂತೆ. ಬಿಟ್ಟಿದ್ದು ಯಾರು?

ಈ ಪ್ರಶ್ನೆ ಕೇಳುವವರು ಬಹಳ. 2010ರ ಮಾರ್ಚ್ 11ರ ಸುಮಾರಿಗೆ ಕಂಪನಿ ಒಂದು ಪ್ರಸ್ತಾಪ ಇಟ್ಟಿತು. ಷರತ್ತು ಒಂದೇ, ಮುಷ್ಕರದ ದಿನಾಂಕ ಘೋಷಿಸಬಾರದು. ಯೂನಿಯನ್ ಮಾರ್ಚ್ 12ರಂದು ದಿನಾಂಕ ಘೋಷಿಸಿತು. ಕಂಪನಿ ಪ್ರಸ್ತಾಪ ವಾಪಸ್ ತೆಗೆದುಕೊಂಡಿತು.

ಕೇಳಿದರೆ ಯೂನಿಯನ್ ದುಡುಕಿತು ಅನ್ನಿಸುತ್ತದೆ. ಈಗ ಕ್ಯಾಲೆಂಡರ್ ನೋಡಿ. ಫಲಿತಾಂಶ ಫೆಬ್ರವರಿ 22. ನಾಲ್ಕು ವಾರ ಮುಗಿಯುವುದು ಮಾರ್ಚ್ 22ರ ಸುಮಾರಿಗೆ. ಏಳು ದಿನದ ನೋಟಿಸ್ ಕಳೆದರೆ ಉಳಿಯುವುದು ಎಷ್ಟು? ಅವತ್ತು ದಿನಾಂಕ ಹೇಳದೆ ಇನ್ನೂ ಮೂರ್ನಾಲ್ಕು ದಿನ ಕಾದಿದ್ದರೆ ಮುಷ್ಕರದ ಹಕ್ಕೇ ಜಾರಿಹೋಗುತ್ತಿತ್ತು. ಮತ್ತೆ ಮೊದಲಿನಿಂದ ಮತದಾನ. ಕಂಪನಿಗೂ ಇದು ಗೊತ್ತಿತ್ತು.

ಆದರೂ ಒಂದು ಮಾತು ಉಳಿಯುತ್ತದೆ. ಆ ಪ್ರಸ್ತಾಪ ಮತ್ತೆ ಮೇಜಿಗೆ ಬಂದರೆ ಸದಸ್ಯರ ಮುಂದಿಡುತ್ತೇನೆ ಎಂದು ವುಡ್ಲಿ ಆಮೇಲೆ ಹೇಳಿದರು. ಮತ್ತೆ ಬಂದದ್ದು ಮೊದಲಿಗಿಂತ ಕಡಿಮೆಯದು. ಮೊದಲ ಪ್ರಸ್ತಾಪಕ್ಕೆ ಹೂಂ ಅಥವಾ ಉಹೂಂ ಅನ್ನುವ ಅವಕಾಶವೇ ಸದಸ್ಯರಿಗೆ ಸಿಗಲಿಲ್ಲ. ನನ್ನ ಪ್ರಕಾರ ಇಡೀ ಜಗಳದ ಗಂಟು ಇಲ್ಲಿದೆ. ಮುಷ್ಕರ ಶುರು ಮಾಡುವ ಅಧಿಕಾರ ಯಾರದು ಅಂತ ಕಾನೂನು ಗೆರೆ ಎಳೆದು ಹೇಳಿದೆ, ಸದಸ್ಯರದು. ಸಾಕು ಅನ್ನುವ ಅಧಿಕಾರ ಯಾರದು ಅಂತ ಎಲ್ಲೂ ಬರೆದಿಲ್ಲ. ಶಾಖೆಯವರು ತಮ್ಮದು ಅಂದುಕೊಂಡಿದ್ದರು, ಮೇಲಿನವರು ತಮ್ಮದು ಅಂದುಕೊಂಡಿದ್ದರು.

## ಯೂನಿಯನ್ ಒಳಗಿನ ಮಾತು

ಸ್ಟಾಫ್ ಟ್ರಾವೆಲ್ ಹೋದ್ರೆ ಅಷ್ಟೊಂದು ಸಿಟ್ಟು ಯಾಕೆ? ಅದೊಂದು ಸೌಲಭ್ಯ ಅಷ್ಟೇ ಅಲ್ವಾ?

ಕಾಗದದ ಮೇಲೆ ಸೌಲಭ್ಯವೇ. ಸಿಬ್ಬಂದಿಗೆ ಖಾಲಿ ಸೀಟಿನಲ್ಲಿ ತುಂಬಾ ಕಡಿಮೆ ದುಡ್ಡಿಗೆ ಹಾರುವ ಅವಕಾಶ. ಆದರೆ ಎಷ್ಟೋ ಸಿಬ್ಬಂದಿ ಲಂಡನ್ನಿನಲ್ಲಿ ಇರಲೇ ಇಲ್ಲ. ಸ್ಕಾಟ್ಲೆಂಡಿನಲ್ಲೋ ಫ್ರಾನ್ಸಿನಲ್ಲೋ ಸ್ಪೇನಿನಲ್ಲೋ ಮನೆ. ಕೆಲಸಕ್ಕೆ ಬರುವುದೇ ಆ ಟಿಕೆಟಿನಲ್ಲಿ. ಅದು ಹೋದರೆ ಮನೆ ಬದಲಿಸಬೇಕು, ಮಕ್ಕಳ ಶಾಲೆ ಬದಲಿಸಬೇಕು, ಇಲ್ಲ ಕೆಲಸ ಬಿಡಬೇಕು.

ಮಾರ್ಚ್‌ನ ಮುಷ್ಕರಕ್ಕೆ ಇಳಿದವರಿಂದ ಕಂಪನಿ ಅದನ್ನು ಕಿತ್ತುಕೊಂಡಿತು. ಅಲ್ಲಿಂದ ಜಗಳದ ರೂಪವೇ ಬದಲಾಯಿತು. ಸಿಬ್ಬಂದಿ ಸಂಖ್ಯೆಯ ಮಾತು ಹಿಂದೆ ಸರಿಯಿತು. ಸ್ಟಾಫ್ ಟ್ರಾವೆಲ್ ಮತ್ತು ಶಿಸ್ತುಕ್ರಮ ಎದುರಾದವರ ಮಾತು ಮುಂದೆ ಬಂತು. ಬಾಸಾದ ಕಾರ್ಯದರ್ಶಿಯನ್ನೇ 2010ರ ಮೇ ತಿಂಗಳಲ್ಲಿ ಕೆಲಸದಿಂದ ತೆಗೆದರು. ನಾಯಕನ ಕೆಲಸ ಹೋದ ಮೇಲೆ ರಾಜಿ ಅನ್ನುವುದು ಇನ್ನೂ ಕಷ್ಟ. ಅವರನ್ನು ಬಿಟ್ಟು ಸಹಿ ಹಾಕೋಣ ಅಂತ ಯಾವ ಸಮಿತಿ ಹೇಳೀತು? ವಾಲ್ಶ್ ಮಾಡಿದ ದೊಡ್ಡ ತಪ್ಪು ಇದೇ ಅಂತ ನನ್ನ ಅನಿಸಿಕೆ. ಶಿಕ್ಷೆಯಿಂದ ಮುಷ್ಕರ ಒಡೆಯುತ್ತದೆ ಅಂದುಕೊಂಡರು, ಅದು ಮುಷ್ಕರಕ್ಕೆ ಹೊಸ ಕಾರಣ ಕೊಟ್ಟಿತು.

ಮಾತುಕತೆ ಕೋಣೆಯಿಂದಲೇ ಟ್ವೀಟ್ ಮಾಡಿದ ನಾಯಕ ಯಾರು?

ಡೆರೆಕ್ ಸಿಂಪ್ಸನ್. 2010ರ ಮೇ 22ರಂದು ಅಕಾಸ್ ಕಚೇರಿಯಲ್ಲಿ ಸಂಧಾನ ನಡೆಯುತ್ತಿತ್ತು. ಅಕಾಸ್ ಅಂದರೆ ಕಾರ್ಮಿಕರು ಮತ್ತು ಮಾಲೀಕರ ನಡುವೆ ಮಾತುಕತೆ ನಡೆಸಿಕೊಡುವ ಬ್ರಿಟನ್ನಿನ ಸರ್ಕಾರಿ ಸಂಸ್ಥೆ. ಒಳಗೆ ಏನಾಗುತ್ತಿದೆ ಎಂದು ಸಿಂಪ್ಸನ್ ಟ್ವಿಟರ್‌ನಲ್ಲಿ ಹಾಕುತ್ತಿದ್ದರು. ವಾಲ್ಶ್‌ಗೆ ಅದು ಹೊರಗಿನವರಿಂದ ಗೊತ್ತಾಯಿತು. ಅದೇ ದಿನ ಎಡಪಂಥೀಯ ಪ್ರತಿಭಟನಕಾರರ ಗುಂಪೊಂದು ಕಟ್ಟಡಕ್ಕೆ ನುಗ್ಗಿತು, ಮಾತುಕತೆ ಮುರಿಯಿತು. ನುಗ್ಗಿದವರು ಯೂನಿಯನ್ ಕರೆದವರಲ್ಲ. ಆದರೆ ಸಂಧಾನದ ಕೋಣೆ ಗುಟ್ಟು ಕಾಯದಿದ್ದರೆ ಅಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ. ಹೀಥ್ರೂ ಪಕ್ಕದ ಬೆಡ್‌ಫಾಂಟ್ ಫುಟ್‌ಬಾಲ್ ಕ್ಲಬ್ಬಿನ ಮೈದಾನವನ್ನೇ ಠಾಣೆ ಮಾಡಿಕೊಂಡು, ತಲೆ ಮೇಲೆ ಹೀಥ್ರೂ ವಿಮಾನಗಳು ಇಳಿಯುವುದನ್ನು ನೋಡುತ್ತಾ ಕೂತ ಮುಷ್ಕರ ನಿರತರಿಗೆ ಆ ಗುಟ್ಟಿನ ಬೆಲೆ ದೊಡ್ಡದಿತ್ತು.

ಮುಷ್ಕರ ಬೇಡ ಅಂದ ಸಿಬ್ಬಂದಿ ಏನು ಮಾಡಿದ್ರು?

ಹಲವರು ಕೆಲಸಕ್ಕೆ ಹೋದರು. ಲಂಡನ್ನಿನ ಇನ್ನೊಂದು ವಿಮಾನ ನಿಲ್ದಾಣವಾದ ಗ್ಯಾಟ್ವಿಕ್‌ನ ಸಿಬ್ಬಂದಿ ಬಹುತೇಕ ಎಂದಿನಂತೆ ಹಾರಿದರು. 2010ರಲ್ಲಿ ಬಾಸಾದ ದಾರಿ ಒಪ್ಪದವರು ಪ್ರೊಫೆಷನಲ್ ಕ್ಯಾಬಿನ್ ಕ್ರೂ ಕೌನ್ಸಿಲ್ ಎಂಬ ಬೇರೆ ಗುಂಪು ಕಟ್ಟಿದರು. ಅದು ಬಾಸಾದ ಜಾಗ ಹಿಡಿಯಲಿಲ್ಲ.

ಇನ್ನೊಂದು ಕಡೆ ಕಂಪನಿ ಬೇರೆ ವಿಭಾಗದ ನೌಕರರಿಗೆ, ಕೆಲವು ಪೈಲಟ್‌ಗಳಿಗೂ ತರಬೇತಿ ಕೊಟ್ಟು ಕ್ಯಾಬಿನ್‌ಗೆ ಇಳಿಸಿತು. ಸಿಬ್ಬಂದಿ ಸಮೇತ ವಿಮಾನಗಳನ್ನು ಬಾಡಿಗೆಗೂ ತಂದಿತು. ಮುಷ್ಕರದ ಪೆಟ್ಟು ಕಡಿಮೆಯಾಯಿತು, ಇಲ್ಲವಾಗಲಿಲ್ಲ. 2010ರ ಮುಷ್ಕರದಿಂದ ಕಂಪನಿಗೆ ಸುಮಾರು 150 ಮಿಲಿಯನ್ ಪೌಂಡ್ ಹೊಡೆತ ಬಿತ್ತು. ಜೊತೆಗೆ ಕೆಲಸ ಮಾಡುವವರ ನಡುವೆ ಬಿದ್ದ ಬಿರುಕಿಗೆ ಲೆಕ್ಕ ಇಲ್ಲ. ಒಂದೇ ಗ್ಯಾಲಿಯಲ್ಲಿ ಎಂಟು ಗಂಟೆ ಹಾರುವಾಗ ಎದುರಿಗಿರುವವಳು ಆವತ್ತು ಒಳಗಿದ್ದಳೋ ಹೊರಗಿದ್ದಳೋ ಅನ್ನುವುದು ಮರೆಯುವ ಮಾತಲ್ಲ.

ಲೇಬರ್ ಪಕ್ಷದ್ದು ಯಾರ ಕಡೆ?

ಆಗ ಪ್ರಧಾನಿಯಾಗಿದ್ದ ಲೇಬರ್ ನಾಯಕ ಗಾರ್ಡನ್ ಬ್ರೌನ್ ಮುಷ್ಕರವನ್ನು ಬಹಿರಂಗವಾಗಿ ಖಂಡಿಸಿದರು. ಯುನೈಟ್ ಆಗ ಅವರ ಪಕ್ಷಕ್ಕೆ ಅತಿ ಹೆಚ್ಚು ಹಣ ಕೊಡುತ್ತಿದ್ದ ಯೂನಿಯನ್. 2010ರ ಮೇ ತಿಂಗಳಲ್ಲಿ ಸಾರ್ವತ್ರಿಕ ಚುನಾವಣೆ ಇತ್ತು, ವಿರೋಧ ಪಕ್ಷ ಈ ನಂಟನ್ನು ಎತ್ತಿ ಆಡಿತು. ಯುನೈಟ್ ಮೇಲಿನವರಿಗೆ ಬೇಗ ಮುಗಿಸುವ ಅವಸರ ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಶಾಖೆಗೆ ಆ ಅವಸರ ಇರಲಿಲ್ಲ.

## ಕಷ್ಟದ ಪ್ರಶ್ನೆಗಳು

ಯುನೈಟ್‌ನ ನಾಯಕತ್ವ ಚುನಾವಣೆಗೂ ಈ ಜಗಳಕ್ಕೂ ಏನು ಸಂಬಂಧ?

ಬಹಳ ಇದೆ. ಇಬ್ಬರು ಜಂಟಿ ಕಾರ್ಯದರ್ಶಿಗಳೂ ನಿವೃತ್ತಿಯ ಅಂಚಿನಲ್ಲಿದ್ದರು. ಅವರ ಜಾಗಕ್ಕೆ ಒಬ್ಬರೇ ಬರಬೇಕಿತ್ತು. 2010ರ ನವೆಂಬರ್‌ನಲ್ಲಿ ಲೆನ್ ಮೆಕ್ಲಸ್ಕಿ ಗೆದ್ದರು. ಜೆರ್ರಿ ಹಿಕ್ಸ್ ಎರಡನೆಯವರು, ಲೆಸ್ ಬೇಲಿಸ್ ಮೂರನೆಯವರು, ಗೇಲ್ ಕಾರ್ಟ್‌ಮೇಲ್ ನಾಲ್ಕನೆಯವರು. ಮೆಕ್ಲಸ್ಕಿ ಈ ಜಗಳದಲ್ಲಿ ಮೊದಲಿನಿಂದ ಮುಂದೆ ನಿಂತವರು.

ಚುನಾವಣೆ ಎದುರಿಗಿರುವಾಗ ಯಾವ ನಾಯಕನೂ ರಾಜಿಯ ಹೆಸರನ್ನು ಮೈಮೇಲೆ ಹಾಕಿಕೊಳ್ಳುವುದಿಲ್ಲ. ನಿವೃತ್ತನಾಗುವವನು ರಾಜಿ ತಂದರೆ ಹೋಗುವ ಮೊದಲು ಮಾರಿ ಹೋದ ಅನ್ನುತ್ತಾರೆ. ಸ್ಪರ್ಧಿಸುವವನು ತಂದರೆ ಮೆತ್ತಗಿನವನು ಅನ್ನುತ್ತಾರೆ. 2010ರ ಬೇಸಿಗೆಯಿಂದ ಚಳಿಗಾಲದವರೆಗೆ ಜಗಳ ನಿಂತಲ್ಲೇ ನಿಂತದ್ದಕ್ಕೆ ಇದೇ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಕಾರಣಗಳಲ್ಲಿ ಇದೂ ಒಂದು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಇನ್ನೊಂದು ವಿಷಯ ನನ್ನನ್ನು ಇವತ್ತಿಗೂ ಕಾಡುತ್ತದೆ. ಕ್ಯಾಬಿನ್ ಸಿಬ್ಬಂದಿಯ ಮುಷ್ಕರದ ಮತದಾನಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನ ಮತ ಹಾಕುತ್ತಿದ್ದರು. ಆ ಯೂನಿಯನ್‌ನ ಅತಿ ದೊಡ್ಡ ಹುದ್ದೆಗೆ ನಡೆದ ಚುನಾವಣೆಯಲ್ಲಿ ಮತ ಹಾಕಿದವರು ಸುಮಾರು ಶೇ. 16. ನಿಜವಾದ ಬೆಂಬಲ ಯಾರ ಹಿಂದೆ ಇತ್ತು ಅಂತ ಇದರಲ್ಲೇ ತಿಳಿಯುತ್ತದೆ. ಶಾಖೆಯ ನಾಯಕರು ಮೇಲಿನವರ ಮಾತಿಗೆ ಬಗ್ಗದೆ ಇದ್ದದ್ದು ಬರೀ ಹಟದಿಂದಲ್ಲ.

ಮೇಲಿನವರು ತಂದ ಒಪ್ಪಂದವನ್ನ ಶಾಖೆ ತಡೆಯೋದು ಸರಿನಾ?

ಎರಡು ಘಟನೆ ಹೋಲಿಸಿ ಹೇಳುತ್ತೇನೆ. 2010ರ ಜುಲೈನಲ್ಲಿ ಒಂದು ಪ್ರಸ್ತಾಪ ಸದಸ್ಯರ ಮುಂದೆ ಹೋಯಿತು. ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಡ ಅಂದರು. ಆದರೆ ಮತ ಹಾಕಿದವರು ಅರ್ಧಕ್ಕಿಂತ ಕಡಿಮೆ. ಮುಷ್ಕರಕ್ಕೆ ಓಡಿ ಬಂದು ಮತ ಹಾಕಿದವರು ಒಪ್ಪಂದದ ಹೊತ್ತಿಗೆ ಸುಮ್ಮನಾದರು. ಅವರಿಗೆ ದಣಿವಾಗಿತ್ತೋ ಗೊಂದಲವಾಗಿತ್ತೋ, ಕೇಳಬೇಕಾದವರು ಕೇಳಲಿಲ್ಲ.

ಅಕ್ಟೋಬರ್‌ನಲ್ಲಿ ಇನ್ನೊಂದು ಪ್ರಸ್ತಾಪ ಸಿದ್ಧವಾಯಿತು. ಅದನ್ನೂ ಮತಕ್ಕೆ ಹಾಕಬೇಕಿತ್ತು. ಚಿಕ್ಕ ಗುಂಪಾದ ಕ್ಯಾಬಿನ್ ಕ್ರೂ 89ರ ಪ್ರತಿನಿಧಿಗಳು ಶಿಫಾರಸು ಮಾಡಲು ಒಪ್ಪಲಿಲ್ಲ. ಮತದಾನವೇ ಬಿದ್ದುಹೋಯಿತು. ಮೊದಲನೆಯದರ ಬಗ್ಗೆ ನನಗೆ ತಕರಾರಿಲ್ಲ, ಸದಸ್ಯರು ನೋಡಿ ಬೇಡ ಅಂದರು. ಎರಡನೆಯದು ನನಗೆ ಸರಿ ಕಾಣುವುದಿಲ್ಲ. ಶಿಫಾರಸು ಮಾಡದಿರಲು ಪ್ರತಿನಿಧಿಗಳಿಗೆ ಪೂರ್ತಿ ಹಕ್ಕಿದೆ. ಬೇಡ ಅಂತ ಬರೆದು ಚೀಟಿಯ ಜೊತೆ ಕಳಿಸಬಹುದಿತ್ತು. ಆದರೆ ಚೀಟಿಯೇ ಮನೆಗೆ ಬರಲಿಲ್ಲ.

ಸದಸ್ಯರ ಕೈಗೆ ಚೀಟಿ ಕೊಟ್ಟರೆ ಅವರು ನಾಯಕರಿಗಿಂತ ಗಟ್ಟಿಯಾಗಿ ನಿಲ್ಲುವುದೂ ಉಂಟು. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಕ್ಯಾಬಿನ್ ಸಿಬ್ಬಂದಿ ಮುಷ್ಕರಕ್ಕಿಳಿದರು. ಸರ್ಕಾರ ಕೆಲಸಕ್ಕೆ ಮರಳಿ ಅಂತ ಆದೇಶ ಮಾಡಿಸಿತು. ಅವರ ಯೂನಿಯನ್ ಆ ಆದೇಶಕ್ಕೆ ತಲೆಬಾಗಲಿಲ್ಲ. ಕೆಲವೇ ದಿನದಲ್ಲಿ ಒಪ್ಪಂದ ಬಂತು. ಆದರೆ ಸಂಬಳದ ಭಾಗವನ್ನು ಮತಕ್ಕೆ ಹಾಕಿದಾಗ ಶೇ. 99ರಷ್ಟು ಜನ ಬೇಡ ಅಂದರು. ನಾಯಕರಿಗೆ ಮುಜುಗರ ಆಗಿರಬಹುದು. ಸದಸ್ಯರ ಮನಸ್ಸು ಏನು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಾಯಿತು.

ಕೊನೆಗೆ ಮುಗಿದಿದ್ದು ಹೇಗೆ? ಯಾರು ಗೆದ್ರು?

ಎರಡೂ ಕಡೆ ಮುಖ ಬದಲಾದ ಮೇಲೆ ಮುಗಿಯಿತು. 2011ರ ಜನವರಿಯಲ್ಲಿ ಬ್ರಿಟಿಷ್ ಏರ್‌ವೇಸ್ ಮತ್ತು ಸ್ಪೇನಿನ ವಿಮಾನ ಕಂಪನಿ ಐಬೇರಿಯಾ ಸೇರಿ ಐಎಜಿ ಎಂಬ ಹೊಸ ಕಂಪನಿಯಾಯಿತು, ವಾಲ್ಶ್ ಅದರ ಮುಖ್ಯಸ್ಥರಾಗಿ ಹೋದರು. ಬ್ರಿಟಿಷ್ ಏರ್‌ವೇಸ್‌ಗೆ ಕೀತ್ ವಿಲಿಯಮ್ಸ್ ಬಂದರು. ಈ ಕಡೆ ಮೆಕ್ಲಸ್ಕಿ. ಹಿಂದಿನ ಮಾತನ್ನು ನುಂಗುವ ಕಷ್ಟ ಹೊಸಬರಿಗೆ ಕಡಿಮೆ. ಮಾರ್ಚ್ 28ರಂದು ಶೇ. 83 ಜನ ಮತ್ತೆ ಮುಷ್ಕರಕ್ಕೆ ಹೂಂ ಅಂದಿದ್ದರು. ಆದರೂ ದಿನಾಂಕ ಘೋಷಿಸುವ ಬದಲು ಮಾತುಕತೆಗೆ ಸಮಯ ವಿಸ್ತರಿಸಲು ಎರಡೂ ಕಡೆಯವರು ಒಪ್ಪಿಕೊಂಡರು. ಒಂದು ವರ್ಷದ ಹಿಂದೆ ಮಾರ್ಚ್‌ನಲ್ಲಿ ಆಗದೆ ಹೋದದ್ದು ಇದೇ.

ಮೇ ತಿಂಗಳಲ್ಲಿ ಒಪ್ಪಂದ ಪ್ರಕಟವಾಯಿತು. ಜೂನ್‌ನಲ್ಲಿ ಶೇ. 92 ಜನ ಒಪ್ಪಿದರು. ಸ್ಟಾಫ್ ಟ್ರಾವೆಲ್ ಮರಳಿ ಬಂತು. ಎರಡು ವರ್ಷದ ಸಂಬಳದ ಮಾತು ಆಯಿತು. ಶಿಸ್ತುಕ್ರಮದ ಪ್ರಕರಣಗಳಿಗೆ ಅಕಾಸ್ ಮೂಲಕ ದಾರಿ ಸಿಕ್ಕಿತು. ಆದರೆ ಜಗಳ ಶುರುವಾಗಿದ್ದ ವಿಷಯ, ಅಂದರೆ ವಿಮಾನದಲ್ಲಿ ಎಷ್ಟು ಜನ ಅನ್ನುವುದು, ಕಂಪನಿ ಹೇಳಿದಂತೆಯೇ ಉಳಿಯಿತು. ಅದನ್ನು ಒಪ್ಪಂದದ ಉಲ್ಲಂಘನೆ ಎಂದು ಹೂಡಿದ್ದ ಮೊಕದ್ದಮೆಯೂ 2010ರಲ್ಲಿ ಎರಡು ಹಂತದಲ್ಲಿ ಸೋತಿತ್ತು. ಕಳೆದುಕೊಂಡದ್ದನ್ನು ವಾಪಸ್ ಪಡೆದರು. ಕೇಳಲು ಹೊರಟದ್ದು ಸಿಗಲಿಲ್ಲ.

2016ರಲ್ಲಿ ಬಂದ ಕಾನೂನಿನಲ್ಲಿ ಆ ಮತದಾನಗಳು ನಿಲ್ಲುತ್ತಿದ್ವಾ?

ಸಂಖ್ಯೆಯಲ್ಲಿ ಸುಲಭವಾಗಿ. 2016ರ ಕಾನೂನು ಕನಿಷ್ಠ ಅರ್ಧ ಸದಸ್ಯರು ಮತ ಹಾಕಬೇಕು ಎಂದಿತು. ಮುಷ್ಕರದ ಮತದಾನಗಳಲ್ಲಿ ಇವರು ಯಾವಾಗಲೂ ಅದಕ್ಕಿಂತ ಮೇಲಿದ್ದರು. ಅದೇ ಕಾನೂನು ನೋಟಿಸ್ ಅವಧಿಯನ್ನು ಹದಿನಾಲ್ಕು ದಿನಕ್ಕೆ ಏರಿಸಿತು, ಫಲಿತಾಂಶಕ್ಕೆ ಆರು ತಿಂಗಳ ಆಯಸ್ಸು ಕೊಟ್ಟಿತು. ಆ ಆರು ತಿಂಗಳು 2010ರ ಮಾರ್ಚ್‌ನಲ್ಲಿ ಇದ್ದಿದ್ದರೆ ಪ್ರಸ್ತಾಪವನ್ನು ಸದಸ್ಯರಿಗೆ ತೋರಿಸಲು ಸಮಯ ಇರುತ್ತಿತ್ತು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಮಿಕ್ಸೆಡ್ ಫ್ಲೀಟ್ ಅಂದ್ರೇನು? ಅವರ ಬಗ್ಗೆ ಯಾರೂ ಯಾಕೆ ಮಾತಾಡಲ್ಲ?

ಜಗಳ ನಡೆಯುತ್ತಿರುವಾಗಲೇ, 2010ರ ಕೊನೆಗೆ, ಕಂಪನಿ ಹೊಸ ಸಿಬ್ಬಂದಿಯ ಪ್ರತ್ಯೇಕ ಪಡೆ ಕಟ್ಟಿತು. ಅದೇ ಮಿಕ್ಸೆಡ್ ಫ್ಲೀಟ್. ಹತ್ತಿರದ ಊರಿಗೂ ದೂರದ ಊರಿಗೂ ಇವರೇ ಹಾರುತ್ತಾರೆ. ಸಮವಸ್ತ್ರ ಅದೇ, ಪ್ರಯಾಣಿಕರು ಅವರೇ, ಸಂಬಳ ಮಾತ್ರ ಹಳಬರಿಗಿಂತ ಬಹಳ ಕಡಿಮೆ. ಹಳಬರ ಷರತ್ತುಗಳಿಗೆ ಕೈ ಹಚ್ಚದೆ ಮುಂದೆ ಬರುವವರಿಗೆ ಬೇರೆ ಷರತ್ತು. ಹಳಬರು ನಿವೃತ್ತರಾದಂತೆ ಲೆಕ್ಕ ತಾನಾಗಿ ಬದಲಾಗುತ್ತದೆ.

ಒಪ್ಪಂದದ ಮೇಜಿನಲ್ಲಿ ಈ ಹೊಸಬರ ಪರವಾಗಿ ಕೂತವರು ಯಾರು? ಅವರಲ್ಲಿ ಎಷ್ಟೋ ಜನ ಆಗ ಇನ್ನೂ ಕೆಲಸಕ್ಕೇ ಸೇರಿರಲಿಲ್ಲ. ಇಲ್ಲದವರಿಗೆ ಮತ ಇಲ್ಲ. ಆಮೇಲೆ ಯುನೈಟ್ ಅವರ ನಡುವೆ ಮೊದಲಿನಿಂದ ಸಂಘಟನೆ ಕಟ್ಟಬೇಕಾಯಿತು, ಬಾಸಾಕ್ಕೆ ಸೇರದ ಬೇರೆಯದೇ ಶಾಖೆಯಾಗಿ. 2017ರ ಜನವರಿಯಲ್ಲಿ ಅವರು ಸಂಬಳಕ್ಕಾಗಿ ಮುಷ್ಕರ ಶುರು ಮಾಡಿದರು, ಹತ್ತಾರು ದಿನ ನಡೆಸಿದರು. ಆ ಬೇಸಿಗೆಯಲ್ಲಿ ಕಂಪನಿ ಕತಾರ್ ಏರ್‌ವೇಸ್‌ನಿಂದ ಸಿಬ್ಬಂದಿ ಸಮೇತ ವಿಮಾನ ತಂದು ಹಾರಿಸಿತು. ವರ್ಷದ ಕೊನೆಯ ಹೊತ್ತಿಗೆ ಒಪ್ಪಂದವಾಯಿತು.

2020ರಲ್ಲಿ ಕೋವಿಡ್ ಬಂತು. ವಿಮಾನಗಳು ನೆಲಕ್ಕಿಳಿದವು. ಕಂಪನಿ 12,000 ಜನರನ್ನು ತೆಗೆಯುವ ಯೋಜನೆ ಮುಂದಿಟ್ಟಿತು, ಹತ್ತಿರದ ಊರಿಗೊಂದು, ದೂರದ ಊರಿಗೊಂದು ಎಂದಿದ್ದ ಹೀಥ್ರೂನ ಹಳೆಯ ಎರಡು ಪಡೆ ಮತ್ತು ಮಿಕ್ಸೆಡ್ ಫ್ಲೀಟ್ ಎಲ್ಲವನ್ನೂ ಒಂದು ಮಾಡಿತು. ಮುಷ್ಕರದ ಎರಡು ಕಡೆ ನಿಂತವರೂ, ಆಗ ಶಾಲೆಯಲ್ಲಿದ್ದವರೂ ಈಗ ಒಂದೇ ಪಟ್ಟಿಯಲ್ಲಿ ಡ್ಯೂಟಿಗೆ ಹೋಗುತ್ತಾರೆ.